ಕೆಲಸ ಹೋದೀತೆಂದು ಬಾಯಿ ಮುಚ್ಚಿರಬೇಕೆ?

ನೀವು ಗಾರ್ಮೆಂಟ್ಸಿಗೆ ಹೋಗುವವರೇ? ಅಥವಾ ನಿಮ್ಮ ತಂಗಿಯೋ ನಾದಿನಿಯೋ ಪಕ್ಕದ ಮನೆಯಾಕೆಯೋ ಹೋಗುತ್ತಾರೆಯೇ? ಹಾಗಾದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು: “ಟಾರ್ಗೆಟ್ ಮುಗಿಯೋವರೆಗೂ ನೀರು ಕುಡಿಯೋಕೂ ಏಳೋ ಹಾಗಿಲ್ಲ. ಸೂಪರ್‌ವೈಜರ್ ಬಾಯಿಗೆ ಬಂದ ಹಾಗೆ ಬೈತಾನೆ. ಯಾಕೆ ಅಂದ್ರೆ, ನಾಳೆಯಿಂದ ಬರಬೇಡ ಅಂತಾನೆ.” ಕೇಳಿದರೆ ಕೆಲಸಕ್ಕೆ ಕುತ್ತು, ಕೇಳದಿದ್ದರೆ ಮೈಗೆ ಕುತ್ತು. ಅತ್ತ ದರಿ, ಇತ್ತ ಪುಲಿ!

“ಧೈರ್ಯವಾಗಿ ಹೋರಾಡಿ” ಎಂದು ಮನೆಯಲ್ಲಿ ಕೂತು ಹೇಳುವುದು ಸುಲಭ. ಮನೆ ಬಾಡಿಗೆ, ಚೀಟಿ, ಮಕ್ಕಳ ಫೀಸು ಎಂದು ಮೊದಲ ವಾರದಲ್ಲೇ ಸಂಬಳ ಕರಗಿಹೋಗುವವಳ ಕಷ್ಟ ಅವಳಿಗೇ ಗೊತ್ತು. ಅವಳ ಹೆದರಿಕೆಯನ್ನು ಹೇಡಿತನ ಎನ್ನಬೇಡಿ, ಅದು ಸಂಸಾರದ ಲೆಕ್ಕಾಚಾರ. ಆದರೆ ಸುಮ್ಮನಿದ್ದರೆ ಆಗುವ ನಷ್ಟವನ್ನೂ ಆ ಲೆಕ್ಕದಲ್ಲಿ ಸೇರಿಸಬೇಕಲ್ಲವೇ?

ನಮ್ಮ ನಾಡಿನಲ್ಲೇ ನಡೆದ ಎರಡು ಸಂಗತಿ ನೋಡಿ. ಪಿ.ಎಫ್.ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಆ ಗಂಟನ್ನೇ ನೆಚ್ಚಿಕೊಂಡಿದ್ದ ಸಾವಿರಾರು ಹೆಣ್ಣುಮಕ್ಕಳು ಏಪ್ರಿಲ್ 18 ಮತ್ತು 19ರಂದು ಮೆಷಿನ್ ಬಿಟ್ಟು ಬೆಂಗಳೂರಿನ ಬೀದಿಗಿಳಿದರು. 19ರಂದೇ ಸರ್ಕಾರ ನಿಯಮವನ್ನು ವಾಪಸು ಪಡೆಯಿತು. ಗೆದ್ದರು, ನಿಜ. ಆದರೆ ಅದೇ ಗದ್ದಲದಲ್ಲಿ ಬಸ್ಸುಗಳು ಸುಟ್ಟವು, ಲಾಠಿ ಪೆಟ್ಟು ಬಿತ್ತು, ಹಲವರ ಬಂಧನವೂ ಆಯಿತು.

ಇನ್ನೊಂದು, 2020ರ ಜೂನ್‌ನಲ್ಲಿ, ಕೊರೋನಾ ಕಾಲದಲ್ಲಿ, ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಒಂದರಲ್ಲಿ ನಡೆದದ್ದು. ಮೆಷಿನ್‌ಗಳನ್ನು ಸಾಗಿಸಿ 1,200ಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಲು ಹೊರಟಾಗ ಹೆಂಗಸರು ವಾರಗಟ್ಟಲೆ ಧರಣಿ ಕೂತರು. ಆದರೂ ಕಾರ್ಖಾನೆ ಮುಚ್ಚಿತು. ಸೋತರೆ? ಪೂರ್ತಿ ಇಲ್ಲ. ಸಂಘ ಪಟ್ಟು ಬಿಡಲಿಲ್ಲ. ಅವರನ್ನು ಮತ್ತೆ ಕೆಲಸಕ್ಕೆ ಕರೆಯಲು 2021ರಲ್ಲಿ ಒಪ್ಪಂದವಾಯಿತು. ಅಷ್ಟರಲ್ಲಿ ಎಷ್ಟೋ ತಿಂಗಳು ಸಂಬಳವಿಲ್ಲದೆ ಕಳೆದಿದ್ದವು.

ಆದ್ದರಿಂದ ಕೇಳಲೇಬೇಕು, ಆದರೆ ಒಬ್ಬಳೇ ಕೇಳಬಾರದು, ಸಿಟ್ಟಿನ ಭರದಲ್ಲಿ ಕೇಳಬಾರದು. ಒಬ್ಬಳನ್ನು ಗೇಟಿನಾಚೆ ನಿಲ್ಲಿಸುವುದು ಸುಲಭ, ಇಡೀ ಲೈನನ್ನೇ ನಿಲ್ಲಿಸಿದರೆ ಹೊಲಿಯುವವರು ಯಾರು? ಹೆಜ್ಜೆ ಇಡುವ ಮುಂಚೆ ಇವಿಷ್ಟು ನೆನಪಿರಲಿ:

* ಸಂಬಳದ ಚೀಟಿ, ಇ.ಎಸ್.ಐ. ಕಾರ್ಡು, ಪಿ.ಎಫ್. ನಂಬರು ಮನೆಯಲ್ಲಿ ಜೋಪಾನವಾಗಿರಲಿ. ಓಟಿ ಮಾಡಿದ ಗಂಟೆಗಳನ್ನು ಅಂದಂದೇ ಬರೆದಿಡಿ. ಓಟಿಗೆ ಎರಡು ಪಟ್ಟು ಕೂಲಿ ಕೊಡಬೇಕೆಂದು ಕಾನೂನೇ ಹೇಳುತ್ತದೆ.

* ಬೇಡಿಕೆಯನ್ನು ಬರೆದು ಎಲ್ಲರೂ ಸಹಿ ಹಾಕಿ ಕೊಡಿ. ಒಂದು ಪ್ರತಿ ನಿಮ್ಮಲ್ಲಿರಲಿ. ಸಂಘವಿದ್ದರೆ ಸೇರಿ.

* ಯಾರಾದರೂ ಕೆಟ್ಟದಾಗಿ ಮೈ ಮುಟ್ಟಿದರೆ, ಅಸಹ್ಯ ಮಾತಾಡಿದರೆ ಸಹಿಸಬೇಡಿ. 10 ಜನರಿಗಿಂತ ಕಡಿಮೆಯಿಲ್ಲದ ಕಡೆ ದೂರು ಕೇಳುವ ಸಮಿತಿ ಇರಲೇಬೇಕೆಂದು 2013ರ ಕಾನೂನು ಹೇಳುತ್ತದೆ. ಮೂರು ತಿಂಗಳೊಳಗೆ ದೂರು ಬರೆದುಕೊಡಿ.

* ಏಕಾಏಕಿ ಮುಷ್ಕರ ಬೇಡ. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಸಂಹಿತೆಯಂತೆ 14 ದಿನ ಮುಂಚೆ ನೋಟಿಸು ಕೊಡಬೇಕು. ಅರ್ಧಕ್ಕರ್ಧ ಜನ ಒಟ್ಟಾಗಿ ರಜೆ ಹಾಕಿದರೂ ಅದು ಮುಷ್ಕರವೇ.

* ಚೀಟಿ ಎತ್ತಿದಾಗ, ಬೋನಸ್ಸು ಬಂದಾಗ ಸ್ವಲ್ಪ ತೆಗೆದಿಡಿ. ಡಬ್ಬಿಯಲ್ಲಿ ಎರಡು ತಿಂಗಳ ಅಕ್ಕಿ ಬೇಳೆಯ ದುಡ್ಡಿದ್ದರೆ ಗಂಟಲಿಗೂ ಬಲ ಬರುತ್ತದೆ.

ಇನ್ನು, ಕೆಲಸಕ್ಕೆ ಹೋಗದ ಸೋದರಿಯರಿಗೆ ಒಂದು ಮಾತು. “ಇವಳಿಗ್ಯಾಕೆ ಬೇಕಿತ್ತು ಈ ಉಸಾಬರಿ?” ಎನ್ನಬೇಡಿ. ಭಾನುವಾರ ಸಂಘದ ಸಭೆಯಿದೆ ಎಂದು ಪಕ್ಕದ ಮನೆಯಾಕೆ ಹೊರಟರೆ, ಅವಳ ಮಗುವನ್ನು ಒಂದು ಗಂಟೆ ನೋಡಿಕೊಳ್ಳಿ. ಅಷ್ಟು ಮಾಡಿದರೂ ಸಾಕು.