ಪ್ರಸಾದದ ತಟ್ಟೆಗೆ ಮನೆಯ ಮೊಸರಿನ ಡ್ರೆಸ್ಸಿಂಗ್

ಶರಣ ಪರಂಪರೆಯಲ್ಲಿ ಬೆಳೆದ ನಮಗೆ ಅಡಿಗೆಯ ಮನೆಯೂ ಪೂಜೆಯ ಮನೆಯಷ್ಟೇ ಪವಿತ್ರವಾದುದು. ಇಷ್ಟಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವ ಪದಾರ್ಥದಲ್ಲಿ ಏನೇನು ಬೆರೆತಿದೆಯೆಂದು ತಿಳಿದಿರುವುದು ಗೃಹಸ್ಥರ ಕರ್ತವ್ಯ. ಹೊಲದ ರಾಗಿ, ಹಿತ್ತಿಲ ಸೊಪ್ಪು, ಕೊಟ್ಟಿಗೆಯ ಹಾಲುಗಳಿಂದಲೇ ಊಟ ಸಿದ್ಧವಾಗುತ್ತಿದ್ದ ಕಾಲದಲ್ಲಿ ಇದು ಕಷ್ಟವಾಗಿರಲಿಲ್ಲ. ಈಗ ಸೀಸೆ, ಪೊಟ್ಟಣಗಳಲ್ಲಿ ಬರುವ ತಿನಿಸುಗಳು ಹೆಚ್ಚಿವೆ. ಆದ್ದರಿಂದ ನಮ್ಮ ಎಚ್ಚರವೂ ಹೆಚ್ಚಬೇಕಾಗಿದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮನೆಗಳಲ್ಲಿಯೂ ಇಂದು ಮಕ್ಕಳು ಮಯೋನೈಸ್ ಎಂಬ ಬಿಳಿಯ, ಕೆನೆಯಂತಹ ಪದಾರ್ಥವನ್ನು ಕೇಳತೊಡಗಿದ್ದಾರೆ. ಹೆದ್ದಾರಿಯ ಬದಿಯ ಉಪಾಹಾರಗೃಹಗಳಲ್ಲಿ ಸಲಾಡ್, ಸ್ಯಾಂಡ್‌ವಿಚ್, ಬರ್ಗರ್‌ಗಳೊಡನೆ ಇದನ್ನು ಬಡಿಸುತ್ತಾರೆ. ರುಚಿಗೆ ಮಾರುಹೋಗುವ ಮೊದಲು ಇದರ ಸ್ವರೂಪವನ್ನು ಅರಿಯೋಣ.

ಸೀಸೆಯೊಳಗೆ ಏನಿದೆ?

ಸಾಂಪ್ರದಾಯಿಕ ಮಯೋನೈಸ್ ಎಂದರೆ ಹಸಿ ಮೊಟ್ಟೆಯ ಹಳದಿ ಭಾಗ, ಎಣ್ಣೆ ಮತ್ತು ಹುಳಿ ಪದಾರ್ಥಗಳ ಮಿಶ್ರಣ. ಎಣ್ಣೆ ಮತ್ತು ನೀರು ಸಹಜವಾಗಿ ಕೂಡುವುದಿಲ್ಲ. ಅವನ್ನು ಹಿಡಿದಿಡುವ ಕೆಲಸವನ್ನು ಮೊಟ್ಟೆ ಮಾಡುತ್ತದೆ. ಇದರ ತೂಕದ ಮುಕ್ಕಾಲು ಭಾಗದಷ್ಟು ಎಣ್ಣೆಯೇ. ಒಂದು ದೊಡ್ಡ ಚಮಚದಲ್ಲಿ ಸುಮಾರು 100 ಕ್ಯಾಲೊರಿ ಇರುತ್ತದೆ. ತರಕಾರಿ ತಿಂದೆವೆಂಬ ಸಮಾಧಾನದಲ್ಲಿ ನಾವು ನಾಲ್ಕು ಚಮಚ ಎಣ್ಣೆಯನ್ನು ನುಂಗಿರುತ್ತೇವೆ.

ಹಸಿ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಭಯವೂ ಉಂಟು. ಈ ಕಾರಣದಿಂದ ಹಸಿ ಮೊಟ್ಟೆಯ ಮಯೋನೈಸನ್ನು ಕೇರಳ ಸರ್ಕಾರ 2023ರಲ್ಲಿ ನಿಷೇಧಿಸಿತು. ತೆಲಂಗಾಣವು 2024ರ ಅಕ್ಟೋಬರ್‌ನಲ್ಲಿಯೂ ತಮಿಳುನಾಡು 2025ರ ಏಪ್ರಿಲ್‌ನಲ್ಲಿಯೂ ಒಂದೊಂದು ವರ್ಷದ ಅವಧಿಗೆ ನಿಷೇಧ ವಿಧಿಸಿದವು.

ಮೊಟ್ಟೆಯಿಲ್ಲದ ಬಗೆಯೂ ಮಾರುಕಟ್ಟೆಯಲ್ಲಿ ದೊರೆಯುತ್ತದೆ. ಕೊಳ್ಳುವಾಗ ಗುರುತನ್ನು ನೋಡಬೇಕು. ಹಸಿರು ಚೌಕದೊಳಗೆ ಹಸಿರು ವೃತ್ತವಿದ್ದರೆ ಅದು ಶಾಕಾಹಾರ. ಮೊಟ್ಟೆಯನ್ನು ನಮ್ಮ ದೇಶದ ನಿಯಮವು ಮಾಂಸಾಹಾರದ ಸಾಲಿನಲ್ಲೇ ಇರಿಸಿದೆ. 2020ರ ನಿಯಮಾವಳಿಯಂತೆ ಅದಕ್ಕೆ ಕಂದು ಚೌಕದೊಳಗೆ ಕಂದು ತ್ರಿಕೋನದ ಗುರುತು. ಆದರೆ ಉಪಾಹಾರಗೃಹದ ತಟ್ಟೆಯ ಮೇಲೆ ಯಾವ ಗುರುತೂ ಇರದು. ಅಲ್ಲಿ ಸಂಕೋಚಪಡದೆ ಕೇಳಿ ತಿಳಿಯುವುದನ್ನು ಮಕ್ಕಳಿಗೆ ಕಲಿಸಬೇಕು. ಹಸಿರು ಗುರುತಿನ ಸೀಸೆಯಲ್ಲಿಯೂ ಎಣ್ಣೆ, ಉಪ್ಪು, ಸಕ್ಕರೆಗಳ ಪ್ರಮಾಣವನ್ನು ಓದಿಯೇ ಕೊಳ್ಳತಕ್ಕದ್ದು.

ನಮ್ಮಲ್ಲಿಯೇ ಇರುವ ಉಪಾಯ

ಮಕ್ಕಳಿಗೆ ಬೇಡವೆಂದು ಹೇಳುವುದರಿಂದಲೇ ಕೆಲಸವಾಗದು. ಅದಕ್ಕಿಂತ ರುಚಿಯಾದುದನ್ನು ಮನೆಯಲ್ಲಿ ಮಾಡಿಕೊಡಬೇಕು. ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಹೈನುಗಾರಿಕೆ ಮನೆಮನೆಯ ಉದ್ಯೋಗ, ಹಾಲಿಗೆ ಕೊರತೆಯಿಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆಯೂ ಹುಚ್ಚೆಳ್ಳೂ ಬೆಳೆಯುತ್ತವೆ. ಉತ್ತರ ಕರ್ನಾಟಕದ ನಮ್ಮ ಬಂಧುಗಳು ಗುರೆಳ್ಳು ಎನ್ನುವುದು ಈ ಹುಚ್ಚೆಳ್ಳನ್ನೇ. ಅವರು ಶ್ರೀಖಂಡಕ್ಕೆ ಮೊಸರು ಕಟ್ಟುವ ಕ್ರಮವನ್ನೇ ನಾವು ಇಲ್ಲಿಯೂ ಅನುಸರಿಸಬಹುದು.

ಬೇಕಾಗುವ ಸಾಮಗ್ರಿ: ಹುಳಿಯಾಗದ ಗಟ್ಟಿ ಮೊಸರು ಅರ್ಧ ಲೀಟರ್, ಬಿಳಿ ಎಳ್ಳು 2 ದೊಡ್ಡ ಚಮಚ, ಸಾಸಿವೆ ಕಾಲು ಚಮಚ, ಹಸಿಮೆಣಸಿನಕಾಯಿ 1, ಶುಂಠಿ ಒಂದು ಸಣ್ಣ ಚೂರು, ನಿಂಬೆಹಣ್ಣು ಅರ್ಧ ಹೋಳು, ಹುರಿದ ಜೀರಿಗೆಯ ಪುಡಿ ಅರ್ಧ ಚಮಚ, ಉಪ್ಪು ಕಾಲು ಚಮಚ.

ಮಾಡುವ ವಿಧಾನ: ಮೊಸರನ್ನು ತೆಳುವಾದ ಶುಭ್ರ ಹತ್ತಿಬಟ್ಟೆಯಲ್ಲಿ ಕಟ್ಟಿ ಮೂರು ನಾಲ್ಕು ಗಂಟೆ ತೂಗುಹಾಕಬೇಕು. ಬೇಸಿಗೆಯಲ್ಲಿ ಹೊರಗಿಟ್ಟರೆ ಹುಳಿಯೇರುವುದರಿಂದ, ಜರಡಿಯ ಮೇಲಿಟ್ಟು ಕೆಳಗೊಂದು ಪಾತ್ರೆಯಿರಿಸಿ ಫ್ರಿಜ್ಜಿನಲ್ಲಿಡುವುದು ಲೇಸು. ನೀರು ಬಸಿದು ಸುಮಾರು ಅರ್ಧದಷ್ಟು ಗಟ್ಟಿ ಮೊಸರು ಉಳಿಯುತ್ತದೆ. ಬಸಿದ ನೀರನ್ನು ಚೆಲ್ಲದೆ ರೊಟ್ಟಿ, ಚಪಾತಿಗಳ ಹಿಟ್ಟು ಕಲಸಲು ಬಳಸಬಹುದು.

ಎಳ್ಳನ್ನು ಸಣ್ಣ ಉರಿಯಲ್ಲಿ ಹುರಿದು ಆರಿಸಿ, ಸಾಸಿವೆ, ಮೆಣಸಿನಕಾಯಿ, ಶುಂಠಿಗಳೊಡನೆ ಸ್ವಲ್ಪವೇ ನೀರು ಹಾಕಿ ನುಣ್ಣಗೆ ಅರೆಯಬೇಕು. ಕಟ್ಟಿದ ಮೊಸರನ್ನು ಮಾತ್ರ ಮಿಕ್ಸಿಗೆ ಹಾಕಬಾರದು, ಹಾಕಿದರೆ ತೆಳ್ಳಗಾಗುತ್ತದೆ. ಅದನ್ನು ಪಾತ್ರೆಯಲ್ಲಿ ಚಮಚದಿಂದಲೇ ಕಡೆದು, ಅರೆದುದನ್ನೂ ಉಪ್ಪು, ಜೀರಿಗೆಪುಡಿ, ನಿಂಬೆರಸಗಳನ್ನೂ ಬೆರೆಸಬೇಕು. ಇಲ್ಲಿ ಮಂದವಾಗಿಸುವುದು ಹಾಲಿನ ಪ್ರೋಟೀನು ಮತ್ತು ಎಳ್ಳು. ಆದ್ದರಿಂದ ಎಣ್ಣೆಯ ಅಗತ್ಯವೇ ಇಲ್ಲ. ಹಸುವಿನ ಹಾಲಿನ ಮೊಸರಾದರೆ ಒಂದು ದೊಡ್ಡ ಚಮಚದಲ್ಲಿರುವ ಕ್ಯಾಲೊರಿ ಮಯೋನೈಸಿನ ಕಾಲುಭಾಗವನ್ನು ಮೀರದು. ಗಾಜಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಫ್ರಿಜ್ಜಿನೊಳಗೆ ಎರಡು ದಿನ ಇಡಬಹುದು. ಹಿತ್ತಾಳೆ, ತಾಮ್ರದ ಪಾತ್ರೆ ಸಲ್ಲದು.

ಋತುವಿಗೆ ತಕ್ಕ ರುಚಿ

ಮಾವಿನ ಕಾಲದಲ್ಲಿ ನಿಂಬೆಯ ಬದಲು ಹಸಿ ಮಾವಿನಕಾಯಿಯ ತುರಿಯನ್ನು ಅರೆದು ಸೇರಿಸಿದರೆ ಸೊಗಸಾಗಿರುತ್ತದೆ. ಎಳ್ಳಿನ ಬದಲು ಹುಚ್ಚೆಳ್ಳು ಬಳಸಿದರೆ ಬಣ್ಣ ಕಪ್ಪಾದರೂ ಪರಿಮಳ ಹೆಚ್ಚು. ಕೊತ್ತಂಬರಿ, ಪುದೀನ ಹಾಕಿದರೆ ಹಸಿರು, ಬೇಯಿಸಿದ ಬೀಟ್‌ರೂಟ್ ಹಾಕಿದರೆ ಗುಲಾಬಿ ಬಣ್ಣ ಬರುವುದರಿಂದ ಮಕ್ಕಳಿಗೆ ಆಕರ್ಷಕ. ಹಾಲು ಒಗ್ಗದವರು ನೆನೆಸಿದ ಗೋಡಂಬಿ ಅಥವಾ ಹುರಿದ ಕಡಲೆಕಾಯಿ ಬೀಜವನ್ನು ನೀರು, ನಿಂಬೆರಸಗಳೊಡನೆ ಅರೆದುಕೊಳ್ಳಬಹುದು. ಆದರೆ ಇವುಗಳಲ್ಲಿ ಕೊಬ್ಬು ಅಧಿಕ, ಮಿತಿಯಿರಲಿ.

ಸೌತೆ, ಕ್ಯಾರೆಟ್, ಮೂಲಂಗಿ, ಎಲೆಕೋಸು, ನೆನೆಸಿದ ಹೆಸರುಬೇಳೆ, ಬೇಯಿಸಿದ ಮೊಳಕೆ ಹುರುಳಿ ಇವೆಲ್ಲಕ್ಕೂ ಇದು ಹೊಂದುತ್ತದೆ. ಮಾಗಡಿಯ ಅವರೆಕಾಳನ್ನು ಸೇರಿಸುವುದಾದರೆ ಚೆನ್ನಾಗಿ ಬೇಯಿಸಿಯೇ ಸೇರಿಸಬೇಕು, ಹಸಿಯಾಗಿ ತಿನ್ನುವಂತಿಲ್ಲ. ಉಪ್ಪು ತಗುಲಿದ ತರಕಾರಿ ನೀರು ಬಿಡುವುದರಿಂದ ಊಟಕ್ಕೆ ಕುಳಿತ ಮೇಲೆಯೇ ಕಲಸುವುದು ಉತ್ತಮ.

ಮನೆಮಂದಿಯ ಆರೋಗ್ಯ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ತಿನ್ನಬೇಕೆಂದೂ ಉಪ್ಪು 5 ಗ್ರಾಂ ಮೀರಬಾರದೆಂದೂ ಸೂಚಿಸಿದೆ. ಮುದ್ದೆ, ಅನ್ನಗಳಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ನಮಗೆ ಇಷ್ಟು ತರಕಾರಿ ಸುಲಭವಲ್ಲ. ಜೊತೆಗೆ ನೆಂಚಿಕೊಳ್ಳಲು ರುಚಿಯಾದುದೊಂದಿದ್ದರೆ ಮಕ್ಕಳೂ ಎರಡನೆಯ ಸಲ ಹಾಕಿಸಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡವಿರುವ ಹಿರಿಯರಿಗೆ ಉಪ್ಪನ್ನು ಇನ್ನೂ ತಗ್ಗಿಸಿ ಬಡಿಸಬಹುದು. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರ ಸಲಹೆಯಂತೆ ನಡೆಯತಕ್ಕದ್ದು.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ, 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಸಹಸ್ರಾರು ಮಕ್ಕಳಿಗೆ ದಾಸೋಹ ನಡೆಸಿದರು; ತಾವು ಮಾತ್ರ ಮಿತಾಹಾರಿಗಳಾಗಿಯೇ ಬಾಳಿದರು. ಅವರು ಹುಟ್ಟಿದ ನೆಲದವರಾದ ನಾವು ಮಕ್ಕಳ ಆಸೆಯನ್ನೂ ಮನೆಯ ಆಚಾರವನ್ನೂ ಒಂದೇ ತಟ್ಟೆಯಲ್ಲಿ ಉಳಿಸಿಕೊಳ್ಳಲು ಸಾಧ್ಯವಿದೆ. ಮುಂದಿನ ಸೋಮವಾರದ ಪ್ರಸಾದಕ್ಕೆ ಹಿಂದಿನ ರಾತ್ರಿಯೇ ಅರ್ಧ ಲೀಟರ್ ಮೊಸರನ್ನು ಕಟ್ಟಿ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಅದನ್ನು ಕಡೆಯುವ ಕೆಲಸವನ್ನು ಮಕ್ಕಳ ಕೈಗೇ ಕೊಡಿ.