ಅಡುಗೆಮನೆಯ ಜೇಡಿಮಣ್ಣು

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳು ಗುಡ್ಡಗಾಡಿನ ಸೀಮೆ. ಇಲ್ಲಿನ ಗುಡ್ಡಗಳಲ್ಲಿ ಹೆಚ್ಚಾಗಿ ಕಾಣುವ ಮುರಕಲ್ಲಿನ ಕೆಂಪು ಮಣ್ಣು ಒರಟಾದುದು. ಗೊಂಬೆ ಮಾಡಲು ಒದಗದು. ಅಂಟುಗುಣವುಳ್ಳ ಜೇಡಿಮಣ್ಣು ದೊರೆಯುವುದು ತಗ್ಗಿನ ಬತ್ತದ ಗದ್ದೆಗಳಲ್ಲಿ. ಕುಂಬಾರರು ಮಡಕೆ ಮಾಡುತ್ತಿದ್ದುದೂ ಮಕ್ಕಳು ಎತ್ತು, ಒಲೆ, ತೇರುಗಳನ್ನು ತಿದ್ದಿ ಆಡುತ್ತಿದ್ದುದೂ ಅಂಥ ಮಣ್ಣಿನಿಂದಲೇ. ಇಂದು ಅನೇಕ ಗದ್ದೆಗಳು ಅಡಕೆಯ ತೋಟಗಳಾಗಿವೆ. ಮಣ್ಣು ಮಕ್ಕಳ ಕೈಗೆ ದೂರವಾದರೂ ಕೈಯಿಂದ ರೂಪಿಸುವ ಆಸೆ ದೂರವಾಗಿಲ್ಲ. ಆ ಆಸೆಯನ್ನು ಅಡುಗೆಮನೆಯೇ ತೀರಿಸಬಲ್ಲುದು.

ಇದಕ್ಕೆ 2 ಲೋಟ ಮೈದಾಹಿಟ್ಟು, 1 ಲೋಟ ಪುಡಿ ಉಪ್ಪು, 2 ಲೋಟ ನೀರು, 2 ದೊಡ್ಡ ಚಮಚ ಎಣ್ಣೆ ಮತ್ತು ಅಷ್ಟೇ ಲಿಂಬೆರಸ ಸಾಕು. ಹಳತಾಗಿ ಅಡುಗೆಗೆ ಒಲ್ಲದ ಹಿಟ್ಟನ್ನು ಜರಡಿ ಹಿಡಿದು ಬಳಸಿದರೆ ಆಹಾರವನ್ನು ಆಟಕ್ಕೆ ವ್ಯರ್ಥ ಮಾಡಿದಂತಾಗುವುದಿಲ್ಲ. ಎಲ್ಲವನ್ನೂ ಗಂಟಿಲ್ಲದಂತೆ ಕದಡಿ, ಹಿರಿಯರ ನೆರವಿನಿಂದ ಸಣ್ಣ ಉರಿಯಲ್ಲಿಟ್ಟು ಸಟ್ಟುಗದಿಂದ ತಿರುವುತ್ತಿರಬೇಕು. ಮಿಶ್ರಣವು ಪಾತ್ರೆಯ ಬದಿಯನ್ನು ಬಿಟ್ಟು ಮುದ್ದೆಯಾದಾಗ ಇಳಿಸಿ, ಬಿಸಿ ಆರಿದ ಮೇಲೆ ಚೆನ್ನಾಗಿ ನಾದಬೇಕು. ಅರಿಶಿನ ಬೆರೆಸಿದರೆ ಹಳದಿ, ಬಸಳೆಯ ಹಣ್ಣಿನ ರಸ ಬೆರೆಸಿದರೆ ನೇರಳೆ ಬಣ್ಣ ಬರುತ್ತದೆ.

ಹಿಟ್ಟು ಮಣ್ಣಿನ ಗುಣವನ್ನು ಪಡೆಯುವುದು ಹೇಗೆ? ಗೋಧಿಯಲ್ಲಿರುವ ಒಂದು ಬಗೆಯ ಸಸಾರಜನಕವು ನೀರಿನೊಡನೆ ಸೇರಿದಾಗ ಜಿಗುಟಾದ ಬಲೆಯಂತೆ ಹೆಣೆದುಕೊಳ್ಳುತ್ತದೆ. ಬಿಸಿಗೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಅಕ್ಕಿಯಲ್ಲಿ ಆ ಬಲೆಯಿಲ್ಲ. ತಣ್ಣೀರಿನಲ್ಲಿ ಕಲಸಿದ ಅಕ್ಕಿಹಿಟ್ಟಿನ ಗೊಂಬೆ ಬಿರುಕು ಬಿಡುತ್ತದೆ. ಒತ್ತುಶ್ಯಾವಿಗೆಯ ಹಿಟ್ಟನ್ನು ಒತ್ತುವ ಮೊದಲು ಬೇಯಿಸುವುದರ ಮರ್ಮವೂ ಇದೇ. ಉಪ್ಪು ನೀರಿನಂಶವನ್ನು ಹಿಡಿದಿಟ್ಟು ಬೂಸ್ಟು ಬೆಳೆಯದಂತೆ ತಡೆಯುತ್ತದೆ. ಹಲಸಿನ ಉಪ್ಪುಸೊಳೆ ತಿಂಗಳುಗಟ್ಟಲೆ ಉಳಿಯುವುದು ಇದೇ ಕಾರಣದಿಂದ. ಹುಳಿಯು ಉಪ್ಪಿಗೆ ನೆರವಾಗುತ್ತದೆ. ಎಣ್ಣೆಯು ಮುದ್ದೆಯನ್ನು ಮೃದುವಾಗಿರಿಸುತ್ತದೆ.

ಕಾಪಾಡುವ ಉಪ್ಪೇ ಮಳೆಗಾಲದಲ್ಲಿ ತೊಡಕನ್ನು ತರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸೀಮೆಯ ಗಾಳಿ ತೇವದಿಂದ ತುಂಬಿರುವಾಗ ಅದು ಗಾಳಿಯ ನೀರನ್ನು ಹೀರಿ ಗೊಂಬೆಯನ್ನು ಮೆತ್ತಗಾಗಿಸುತ್ತದೆ. ಆದುದರಿಂದ ಉಳಿಸಿಕೊಳ್ಳಬೇಕಾದ ಗೊಂಬೆಗಳನ್ನು ಚಳಿಗಾಲದ ಬಿಸಿಲಿನಲ್ಲಿ ಒಣಗಿಸುವುದು ಲೇಸು. ಮಿಕ್ಕ ಮುದ್ದೆಯನ್ನು ಬಿಗಿಯಾದ ಡಬ್ಬಿಯಲ್ಲಿಡಬೇಕು. ಕೆಟ್ಟ ವಾಸನೆ ಬಂದರೆ ಎಸೆಯಬೇಕು. ಇದರಲ್ಲಿ ಉಪ್ಪು ಅತಿಯಾಗಿರುವುದರಿಂದ ಎಳೆಯ ಮಕ್ಕಳೂ ನಾಯಿಗಳೂ ತಿನ್ನದಂತೆ ಎಚ್ಚರ ವಹಿಸುವುದು ಅಗತ್ಯ.

ಹಿಟ್ಟಿನ ಮುದ್ದೆಯ ಆಟ ಹೊರನಾಡುಗಳಲ್ಲೂ ಉಂಟು. ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಗೋಡೆಗೆ ಅಂಟಿಸಿದ ಕಾಗದದ ಮೇಲಿನ ಕಲ್ಲಿದ್ದಲಿನ ಮಸಿಯನ್ನು ತೆಗೆಯಲು ಇಂಥದೊಂದು ಮುದ್ದೆಯನ್ನು ತಯಾರಿಸುತ್ತಿದ್ದರು. ಕಲ್ಲಿದ್ದಲಿನ ಒಲೆಗಳು ಕಡಿಮೆಯಾದಂತೆ ಅದಕ್ಕೆ ಬೇಡಿಕೆ ತಗ್ಗಿತು. ಮಕ್ಕಳ ಶಾಲೆಯ ಶಿಕ್ಷಕಿಯೊಬ್ಬರು ಅದರಿಂದ ಗೊಂಬೆ ಮಾಡಿಸಿ ನೋಡಿದರು. 1956ರಲ್ಲಿ ಅದೇ ಮುದ್ದೆ 'ಪ್ಲೇ-ಡೋ' ಎಂಬ ಆಟಿಕೆಯಾಗಿ ಪೇಟೆಗೆ ಬಂದಿತು.

ಪುತ್ತೂರಿನ ಬಾಲವನದಲ್ಲಿ ಡಾ. ಶಿವರಾಮ ಕಾರಂತರು (1902–1997) ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಆಟ, ಕುಣಿತ, ನಾಟಕಗಳೂ ಕಲಿಕೆಯೇ ಎಂಬುದು ಅವರ ನಿಲುವಾಗಿತ್ತು. ಅಂಗಡಿಯ ಬಣ್ಣದ ಮುದ್ದೆ ಆಟವನ್ನಷ್ಟೇ ಕೊಡುತ್ತದೆ. ತಾನೇ ಕಲಸಿದ ಮುದ್ದೆ ಗೋಧಿ, ಉಪ್ಪು, ಉರಿ, ಮಳೆಗಳ ಗುಣವನ್ನೂ ಕಲಿಸುತ್ತದೆ. ಗೊಂಬೆ ಮುರಿದುಹೋದರೂ ಆ ತಿಳಿವು ಕೈಯಲ್ಲಿ ಉಳಿಯುತ್ತದೆ.