ಕಿಸೆಯಲ್ಲೊಂದು ಚಾಕು

ತೋಟಕ್ಕೆ ಹೊರಟ ಬೆಳೆಗಾರನ ಕಿಸೆಯನ್ನು ಇಂದು ತಡಕಿದರೆ ಏನು ಸಿಕ್ಕೀತು? ಮೊಬೈಲು, ಬೈಕಿನ ಬೀಗದ ಕೈ, ಔಷಧಿ ಅಂಗಡಿಯ ಚೀಟಿ. ನಮ್ಮ ತಂದೆಯವರ ಕಾಲದಲ್ಲಾದರೆ ಎಲೆಯಡಿಕೆ, ಒಂದು ಸುತ್ತು ಬಾಳೆನಾರು, ಜೊತೆಗೆ ತಪ್ಪದೆ ಒಂದು ಮಡಿಚುವ ಚಾಕು ಸಿಗುತ್ತಿತ್ತು. ಚಾಕು ಮರೆತು ತೋಟಕ್ಕಿಳಿದವನು ಅರ್ಧ ದಾರಿಯಿಂದ ಮನೆಗೆ ಹಿಂತಿರುಗುತ್ತಿದ್ದನೇ ಹೊರತು ಬರಿಗೈಯಲ್ಲಿ ಮುಂದೆ ಹೋಗುತ್ತಿರಲಿಲ್ಲ.

ತಂದೆಯವರ ಚಾಕು ಸವದತ್ತಿಯ ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಕೊಂಡದ್ದು. ಅಡಿಕೆ ವ್ಯಾಪಾರದ ನಿಮಿತ್ತ ಹುಬ್ಬಳ್ಳಿಗೆ ಹೋದವರು ಭಾರತ ಹುಣ್ಣಿಮೆಗೆ ಗುಡ್ಡ ಹತ್ತಿ, ಮನೆಗೆ ಭಂಡಾರವನ್ನೂ ತಮಗೆ ಚಾಕುವನ್ನೂ ತಂದಿದ್ದರು. ಮೂರು ಇಂಚಿನ ಅಲಗು, ಎಮ್ಮೆ ಕೊಂಬಿನ ಹಿಡಿ, ಹಿತ್ತಾಳೆಯ ಮೂರು ಮೊಳೆ. ಕಾಫಿ ಗಿಡದ ಕಂಬಚಿಗುರು ತೆಗೆಯಲು, ಮೆಣಸಿನ ಬಳ್ಳಿಯ ಕಟ್ಟು ಬಿಚ್ಚಲು, ಗೊಬ್ಬರದ ಚೀಲದ ಹೊಲಿಗೆ ಕೀಳಲು, ಅಡಿಕೆ ಹೋಳು ಮಾಡಿ ಒಳಗಿನ ಬಣ್ಣ ನೋಡಲು, ನನ್ನ ಶಾಲೆಯ ಪೆನ್ಸಿಲು ಹೆರೆಯಲು ಎಲ್ಲದಕ್ಕೂ ಅದೊಂದೇ. ಅವರ ನಂತರ ಅದು ನನ್ನ ಕಿಸೆ ಸೇರಿತು.

ಅದನ್ನು ಕಳೆದವನು ನಾನೇ. ಕೆಲವು ವರ್ಷಗಳ ಹಿಂದೆ ಅಡಿಕೆಯ ವಿಷಯವಾಗಿ ದಿಲ್ಲಿಯಲ್ಲೊಂದು ಸಭೆಯಿತ್ತು. ಚಾಕುವನ್ನು ದೊಡ್ಡ ಪೆಟ್ಟಿಗೆಯೊಳಗೆ ಹಾಕಬೇಕಿತ್ತು. ಅಭ್ಯಾಸಬಲದಿಂದ ಕಿಸೆಯಲ್ಲೇ ಉಳಿಯಿತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿತು. ಪೆಟ್ಟಿಗೆ ಆಗಲೇ ಒಳಗೆ ಹೋಗಿತ್ತು, ಕರೆತಂದವರು ಹಿಂತಿರುಗಿದ್ದರು. ಸಿಬ್ಬಂದಿಯದೇನೂ ತಪ್ಪಿಲ್ಲ, ನಿಯಮ ನಿಯಮವೇ. ತಂದೆಯವರು ನಲವತ್ತು ವರ್ಷ ಹಿಡಿದು ಸವೆಸಿದ ಕೊಂಬಿನ ಹಿಡಿ ಪ್ಲಾಸ್ಟಿಕ್ ತೊಟ್ಟಿಯೊಳಗೆ ಬಿದ್ದ ಸದ್ದು ಮಾತ್ರ ಇನ್ನೂ ಕಿವಿಯಲ್ಲಿದೆ.

ಹುಡುಕಿಕೊಂಡು ಹೋದದ್ದು

ಅಂಥದೇ ಒಂದನ್ನು ಪಡೆಯಬೇಕೆಂದು ಕಳೆದ ಬೇಸಿಗೆಯಲ್ಲಿ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳನ್ನು ಸುತ್ತಿ ಬಂದೆ. ಅದು ಜೋಳ, ಹತ್ತಿ, ಕಬ್ಬಿನ ನಾಡು. ಅಡಿಕೆ ಬೆಳೆಯುವವರು ನಾವು, ಅಡಿಕೆಗೆ ಮರ್ಯಾದೆ ಕೊಟ್ಟವರು ಅವರು. ಅಲ್ಲಿಯ ಹಿರಿಯರು ಸೊಂಟದಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ಚಂಚಿಯನ್ನು ಬಲ್ಲವರು ಬಲ್ಲರು. ದಾರ ಎಳೆದರೆ ಮುಚ್ಚಿಕೊಳ್ಳುವ ಬಟ್ಟೆಯ ಚೀಲ; ಒಳಗೆ ಎಲೆಗೊಂದು, ಅಡಿಕೆಗೊಂದು, ತಂಬಾಕಿಗೊಂದು ಅರೆ; ಸುಣ್ಣದ ಡಬ್ಬಿ; ಜೊತೆಗೆ ಅಂಗೈಯಗಲದ ಅಡಕೊತ್ತು. ನಿತ್ಯ ಜೊತೆಗೊಯ್ಯುವ ಅಲಗೆಂದರೆ ಅಲ್ಲಿ ಮುಖ್ಯವಾಗಿ ಇದೇ. ಊಟಕ್ಕೆ ಅವರಿಗೆ ಚಾಕು ಬೇಕಿಲ್ಲ. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆಯುವ ಜನ. ಆದರೆ ಅಡಿಕೆ ಮುಷ್ಟಿಗೆ ಬಗ್ಗದು.

ಚೀಟಿಯ ಗುಟ್ಕಾ ಬಂದ ಮೇಲೆ ಚಂಚಿ ಸೊಂಟದಿಂದ ಗೂಟಕ್ಕೇರಿತು. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಆದರೂ ಚಂಚಿ ಗೂಟದಿಂದ ಇಳಿಯಲಿಲ್ಲ. ಗುಡ್ಡದ ಅಂಗಡಿಗಳಲ್ಲಿ ಈಗ ಸಿಗುವುದು ಕಾರ್ಖಾನೆಯ ಹೊಳೆಯುವ ಚಾಕುಗಳು. ಒಂದನ್ನು ಕೊಂಡು ಬಾಳೆನಾರಿನ ಮೇಲೆ ಪರೀಕ್ಷಿಸಿದೆ. ನಾರು ಬಾಗಿತು, ಕೊಯ್ಯಲಿಲ್ಲ.

ಕೊನೆಗೆ ಬೈಲಹೊಂಗಲದ ಕಡೆಯ ಒಂದು ಹಳ್ಳಿಯಲ್ಲಿ ಕಂಬಾರಸಾಲೆಯೊಂದನ್ನು ತೋರಿಸಿದರು. ಎಪ್ಪತ್ತು ದಾಟಿದ ಹಿರಿಯರು ಕುಡಗೋಲು ಹಣಿಸುತ್ತಿದ್ದರು.

“ಎಲ್ಲಿಂದ ಬಂದೀರ್ರಿ, ಸಾಹೇಬ್ರ?”

“ಘಟ್ಟದ ಕಡೆಯವರು. ಅಡಿಕೆ ತೋಟ.”

ಸುತ್ತಿಗೆ ಕೆಳಗಿಟ್ಟರು. “ಹಂಗಾದ್ರ ಬರ್ರಿ, ಕುಂಡ್ರ್ರಿ. ನಿಮ್ಮ ಅಡಕಿ ಕತ್ತರ್ಸೂ ಅಡಕೊತ್ತು ಮಾಡಿಕೋತನ ನಮ್ಮಪ್ಪ ನಮ್ಮನ್ನ ಸಾಕ್ಯಾನ. ಈಗ ವರ್ಷಕ್ಕ ನಾಕು ಮಾಡಿದ್ರ ಹೆಚ್ಚಾತು.”

ಮೊದಲು ಹಳ್ಳಿಯ ಕಂಬಾರನಿಗೆ ಸುಗ್ಗಿಯಲ್ಲಿ ಆಯದ ಕಾಳು ಸಲ್ಲುತ್ತಿತ್ತು. ವರ್ಷವಿಡೀ ಕೆಲಸ, ವರ್ಷಕ್ಕೊಮ್ಮೆ ಪಾವತಿ. ಆ ಪದ್ಧತಿ ಹೋಯಿತು. ಅವರ ಮಗ ಹುಬ್ಬಳ್ಳಿಯಲ್ಲಿ ವೆಲ್ಡಿಂಗ್ ಅಂಗಡಿಯ ಕೂಲಿ. “ಕೆಲಸ ಬರೂದಿಲ್ಲಂತಲ್ರಿ, ಕೈ ಭಾಳ ಛೊಲೋ ಐತಿ. ಆರ್ಡರ ಇದ್ರ ನಾಳೆ ಬಂದಾನು” ಎಂದರು.

ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯ ಚೂರೊಂದನ್ನು ತಿದಿಯ ಬೆಂಕಿಗಿಟ್ಟರು. ಕೆಂಪಾದದ್ದನ್ನು ಬಡಿದು ಎಳೆದು ಅಲಗಿನ ಆಕಾರಕ್ಕೆ ತಂದು, ಅರದಿಂದ ಉಜ್ಜಿ, ಮತ್ತೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರು. ಅಲ್ಲಿಗೆ ಮುಗಿಯಲಿಲ್ಲ. ಅಷ್ಟಕ್ಕೇ ಬಿಟ್ಟರೆ ಅಲಗು ಗಾಜಿನಂತೆ ಸಿಡಿಯುತ್ತದೆ. ಮೈಯನ್ನು ತಿಕ್ಕಿ ಬೆಳ್ಳಗೆ ಮಾಡಿ, ಬೆಂಕಿಯ ಅಂಚಿನಲ್ಲಿ ಹಿಡಿದು ಬಣ್ಣ ನೋಡುತ್ತ ಕುಳಿತರು. “ಜ್ವಾಳದ ರವದಿ ಬಣ್ಣ ಬಂತಂದ್ರ ತಗೀಬೇಕು. ನೀಲಿ ಆತಂದ್ರ ಮೆತ್ತಗಾತು, ಹ್ವಾದಂಗ.” ಲೋಹಶಾಸ್ತ್ರದ ಪುಸ್ತಕ ಹೇಳುವುದೂ ಇದನ್ನೇ. ಒಣಹುಲ್ಲಿನ ಹಳದಿ ಬಂದಾಗ ಉಕ್ಕು ಗಡಸು, ನೀಲಿಗೆ ತಿರುಗಿದರೆ ಸ್ಪ್ರಿಂಗಿನ ಹದ. ವಿಜ್ಞಾನದ ಪದವಿ ಪಡೆದ ನಾನು ಓದಿದ್ದನ್ನು ಅವರು ಕಣ್ಣಿನಿಂದ ಬಲ್ಲರು.

ಎರಡು ದಿನದ ಕೆಲಸಕ್ಕೆ ಅವರು ಕೇಳಿದ್ದು ಆರುನೂರು ರೂಪಾಯಿ. ನಾನು ಕೊಟ್ಟದ್ದು ಅದಕ್ಕಿಂತ ಹೆಚ್ಚು. ಆದರೂ ಕಡಿಮೆಯೇ ಎಂದು ಈಗ ಅನಿಸುತ್ತದೆ.

ಕಾನೂನಿನ ಮಾತು

“ಚಾಕು ಇಟ್ಟುಕೊಂಡು ಓಡಾಡಬಹುದೇ?” ಎಂದು ಸದಸ್ಯರು ಕೇಳುವುದುಂಟು. ಈ ಪ್ರಶ್ನೆಗೆ ಆ ಭಾಗದಲ್ಲಿ ಹಳೆಯ ಗಾಯವೊಂದಿದೆ. 1857ರ ನಿಶ್ಶಸ್ತ್ರೀಕರಣ ಕಾಯಿದೆಯನ್ವಯ ಆಯುಧಗಳನ್ನು ಒಪ್ಪಿಸಬೇಕೆಂದಾಗ, ರಾಮದುರ್ಗದಿಂದ ದೂರವಲ್ಲದ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪದೆ ದಂಗೆಯೆದ್ದರು. ದಂಡು ಬಂದು ಊರನ್ನು ಸುಟ್ಟಿತು, ಹಲವರು ಗಲ್ಲಿಗೇರಿದರು. ಆ ಕಥೆ ಇಂದಿಗೂ ಲಾವಣಿಯಾಗಿ ಉಳಿದಿದೆ. ಬೇಡನಿಗೆ ಆಯುಧವೆಂದರೆ ಅನ್ನ ಎಂಬುದು ಕಾಯಿದೆ ಬರೆದವರಿಗೆ ತಿಳಿಯಲಿಲ್ಲ.

ಈಗಿನ ಸ್ಥಿತಿ ಬೇರೆ. 1959ರ ಆಯುಧ ಕಾಯಿದೆಯ ಕೆಳಗಿನ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು ಆಯುಧವೆಂದು ಎಣಿಸುತ್ತವೆ. ಗೃಹಕೃತ್ಯ ಮತ್ತು ವ್ಯವಸಾಯಕ್ಕಾಗಿ ಮಾಡಿದವನ್ನು ಹೊರತುಪಡಿಸುತ್ತವೆ. ಆದ್ದರಿಂದ ತೋಟದಲ್ಲಿ ಮೂರಿಂಚಿನ ಚಾಕು ಒಂದು ಉಪಕರಣ. ಆದರೆ ನಿಷೇಧಾಜ್ಞೆ ಇರುವಾಗ, ಚುನಾವಣೆ ಸಭೆ, ನ್ಯಾಯಾಲಯ, ವಿಮಾನಗಳಿಗೆ ಅದನ್ನು ಒಯ್ಯತಕ್ಕದ್ದಲ್ಲ. ಒಯ್ದರೆ ನನ್ನ ಗತಿ.

ಎರಡು ದೇಶಗಳ ಪಾಠ

ಫ್ರಾನ್ಸಿನ ಸವಾಯ್ ಎಂಬ ಗುಡ್ಡಗಾಡಿನಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಎಂಬವನು ರೈತರಿಗಾಗಿ ಮರದ ಹಿಡಿಯ ಅಗ್ಗದ ಚಾಕು ಮಾಡಿದ. 1897ರಲ್ಲಿ 1ರಿಂದ 12ರವರೆಗೆ ಅಳತೆಗಳನ್ನು ಗೊತ್ತುಮಾಡಿದ. 1955ರಲ್ಲಿ ಅಲಗು ತಾನಾಗಿ ಮಡಿಚದಂತೆ ತಡೆಯುವ ಉಂಗುರ ಸೇರಿತು. ಇಂದಿಗೂ ಅದೇ ಮನೆತನದ ಹೆಸರಿನಲ್ಲಿ ಲೋಕವೆಲ್ಲ ಮಾರಾಟವಾಗುತ್ತಿದೆ. ಜಪಾನಿನ ಮಿಕಿ ಪಟ್ಟಣದ ‘ಹಿಗೊನೊಕಾಮಿ’ ಎಂಬ ಮಡಿಚುವ ಚಾಕುವಿನ ಹುಟ್ಟೂ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ. ಒಂದು ಕಾಲಕ್ಕೆ ಅಲ್ಲಿಯ ಶಾಲಾಬಾಲಕರೆಲ್ಲ ಅದರಿಂದ ಪೆನ್ಸಿಲು ಹೆರೆಯುತ್ತಿದ್ದರು. 1960ರ ಸುಮಾರಿಗೆ ಮಕ್ಕಳ ಕೈಗೆ ಚಾಕು ಕೊಡಬಾರದೆಂಬ ಚಳವಳಿ ಎದ್ದಿತು, ಪೆನ್ಸಿಲು ಹೆರೆಯುವ ಯಂತ್ರ ಬಂದಿತು, ಕುಲುಮೆಗಳು ಆರಿದವು. ಆ ಮುದ್ರೆ ಹಾಕುವ ಹಕ್ಕು ಈಗ ಉಳಿದಿರುವುದು ಒಂದೇ ಮನೆತನಕ್ಕೆ. ಕೊಳ್ಳುವವನು ಉಳಿದಲ್ಲಿ ಕಸುಬು ಉಳಿಯಿತು.

ಸಂಗ್ರಹ ಮತ್ತು ಆರೈಕೆ

ಹುಡುಕಾಟದಲ್ಲಿ ನನ್ನ ಮನೆ ಸೇರಿದವು ಐದು ಅಡಕೊತ್ತು, ಮೂರು ಚಾಕು, ಕೊಡಗಿನ ಸ್ನೇಹಿತರು ಕೊಟ್ಟ ಹಳೆಯದೊಂದು ಪೀಚೆಕತ್ತಿ. ಪುಣೆಯಲ್ಲಿ ದಿನಕರ ಕೇಳಕರರು ಒಬ್ಬರೇ ಊರೂರು ಅಲೆದು ಕೂಡಿಸಿದ ವಸ್ತುಸಂಗ್ರಹಾಲಯದಲ್ಲಿ ಬಗೆಬಗೆಯ ಅಡಕೊತ್ತುಗಳಿವೆ. ಅಡಿಕೆ ಬೆಳೆಯುವ ನಾವು ನಮ್ಮ ಅಟ್ಟದಲ್ಲಿರುವುದನ್ನು ಗುಜರಿಗೆ ತೂಗಿ ಹಾಕುತ್ತಿದ್ದೇವೆ. ಕೆಲವು ಸೂಚನೆಗಳು:

ಹಳೆಯ ಚಾಕು ಸಿಕ್ಕರೆ ಹೊಳೆಯಲೆಂದು ಹುಳಿ ಹಚ್ಚಿ ತಿಕ್ಕಬೇಡಿ. ಸಡಿಲ ತುಕ್ಕನ್ನು ಎಣ್ಣೆಬಟ್ಟೆಯಿಂದ ಒರೆಸಿದರೆ ಸಾಕು. ಊರು, ಮಾಡಿದವರು, ಯಾರ ಕೈಯಲ್ಲಿತ್ತು ಎಂಬ ಚೀಟಿಯೊಂದನ್ನು ಕಟ್ಟಿಡಿ.

ಹಸಿ ಅಡಿಕೆ ಕೊಯ್ದಾಗ ಉಕ್ಕಿನ ಅಲಗು ಕಪ್ಪಾಗುವುದು ದೋಷವಲ್ಲ. ಅಡಿಕೆಯ ಒಗರು ಕಬ್ಬಿಣದೊಡನೆ ಸೇರಿ ಬರುವ ಬಣ್ಣವದು. ತಕ್ಷಣ ತೊಳೆದು ಒರೆಸಿ, ಒಂದು ಹನಿ ಎಣ್ಣೆ ಸವರಿ.

ಮಸೆಗಲ್ಲನ್ನು ನೀರಿನಲ್ಲಿ ನೆನೆಸಿ, ಅಲಗಿನ ಬೆನ್ನನ್ನು ಸ್ವಲ್ಪವೇ ಎತ್ತಿ, ಎರಡೂ ಮೈಗೆ ಸಮನಾಗಿ ಮಸೆಯಿರಿ. ಮೊಂಡು ಚಾಕುವೇ ಕೈ ಕೊಯ್ಯುವುದು.

ಎಲ್ಲಕ್ಕಿಂತ ಮುಖ್ಯವಾದದ್ದು: ಸೊರಗು ರೋಗದ ಮೆಣಸಿನ ಬಳ್ಳಿ ಕೊಯ್ದ ಚಾಕುವನ್ನು ಸ್ಪಿರಿಟ್ಟಿನಿಂದ ಒರೆಸದೆ ಇನ್ನೊಂದು ಬಳ್ಳಿಗೆ ಮುಟ್ಟಿಸಬೇಡಿ. ಕಿಸೆಯ ಚಾಕು ರೋಗವನ್ನೂ ಹೊತ್ತು ತಿರುಗುತ್ತದೆ.

ಒಂದು ಅರಿಕೆ

ಹೊರಡುವಾಗ ಆ ಹಿರಿಯರನ್ನು, ಎಷ್ಟು ಕೆಲಸವಿದ್ದರೆ ಮಗ ಊರಿಗೆ ಬಂದಾನು ಎಂದು ಕೇಳಿದೆ. ಬೆರಳು ಮಡಿಚಿ ಎಣಿಸಿ, “ತಿಂಗಳಿಗೆ ಮೂವತ್ತು ಚಾಕೂ ಆದ್ರ ಸಾಕ್ರಿ” ಎಂದರು. ನಮ್ಮ ಸಂಘದ ಸದಸ್ಯರ ಪಟ್ಟಿ ನೋಡಿದರೆ ಮೂವತ್ತು ದೊಡ್ಡ ಸಂಖ್ಯೆಯಲ್ಲ. ಚಾಕು, ಅಡಕೊತ್ತು, ಕಸಿ ಚಾಕು ಬೇಕಾದವರು ಸಂಘದ ಕಚೇರಿಯಲ್ಲಿ ಹೆಸರು ಬರೆಸಿ ಅರ್ಧ ಹಣ ಮುಂಗಡ ಕೊಡತಕ್ಕದ್ದು, ಒಟ್ಟಾಗಿ ತರಿಸೋಣ. ಸಂಘ ಇದರಲ್ಲಿ ಕಮಿಷನ್ ಹಿಡಿಯುವುದಿಲ್ಲ. ಹಾಗೆಯೇ ವಾರ್ಷಿಕ ಮಹಾಸಭೆಗೆ ಬರುವಾಗ ಮನೆಯ ಹಳೆಯ ಅಡಕೊತ್ತು, ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿ ತನ್ನಿರಿ. ಮೇಜಿನ ಮೇಲಿಟ್ಟು ಎಲ್ಲರೂ ನೋಡೋಣ.

ಮಹಾನವಮಿಗೆ ನಾವು ಆಯುಧಪೂಜೆ ಎನ್ನುವುದನ್ನು ಬೈಲಹೊಂಗಲದವರು ಖಂಡೆಪೂಜೆ ಎನ್ನುತ್ತಾರೆ. ಈ ಸಲ ನಮ್ಮ ಮನೆಯಲ್ಲಿ ಪವರ್ ಸ್ಪ್ರೇಯರಿಗೂ ಜೀಪಿಗೂ ಕುಂಕುಮವಿಟ್ಟ ಮೇಲೆ ಹೊಸ ಚಾಕುವನ್ನೂ ಮಣೆಯ ಮೇಲಿಟ್ಟೆವು. ಅದರ ಹಿಡಿ ಇನ್ನೂ ಒರಟು. ಅದು ನುಣುಪಾಗಲು ನನ್ನ ಉಳಿದ ವರ್ಷಗಳು ಸಾಲದೆ ಹೋದರೆ, ಮಿಕ್ಕದ್ದನ್ನು ಮಗ ಸವೆಸಲಿ.

— ಸಂಘದ ಕಾರ್ಯದರ್ಶಿ